ದೇಹವನ್ನು ನೋಡಿ ಬರೆಯಿರಿ

ದಾವಣಗೆರೆಯ ವೈದ್ಯಕೀಯ ಕಾಲೇಜುಗಳ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಮತ್ತು ಅದೇ ಊರಿನ ದೃಶ್ಯಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗಳಿಗೆ,



ನಾನು ಹರಿಹರ ಸೀಮೆಯ ಕೊಕ್ಕನೂರಿನವನು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು. ಸತ್ತ ಮೇಲೆ ತಮ್ಮ ದೇಹ ವೈದ್ಯಕೀಯ ಕಾಲೇಜಿಗೆ ಸೇರಲಿ ಎಂದು ಬರೆದುಕೊಟ್ಟವರಲ್ಲಿ ನಾನೂ ಒಬ್ಬ. ಈ ಎರಡು ನಂಟುಗಳಿರುವುದರಿಂದ ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ.

ಹೇಳಬೇಕಾದದ್ದು ಇಷ್ಟೇ. ಮನುಷ್ಯನ ಒಳದೇಹದ ಬಗ್ಗೆ ವೈದ್ಯಶಾಸ್ತ್ರಕ್ಕೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು, ಕೊಯ್ಯುವ ಕೈಯೂ ಬರೆಯುವ ಕೈಯೂ ಒಂದೇ ಮೇಜಿನ ಮುಂದೆ ನಿಂತಾಗ ದಕ್ಕಿದ್ದು. ದಾವಣಗೆರೆಯಲ್ಲಿ 1965ರಿಂದ ಜೆಜೆಎಂ ವೈದ್ಯಕೀಯ ಕಾಲೇಜು ಇದೆ. ಆಮೇಲೆ ಎಸ್.ಎಸ್. ವೈದ್ಯಕೀಯ ಕಾಲೇಜೂ ಬಂದಿದೆ. ನಾಡಿನ ಮೂಲೆಮೂಲೆಗೆ ಕಲಾವಿದರನ್ನು ಕೊಟ್ಟ ಚಿತ್ರಕಲಾ ಕಾಲೇಜೂ ಇಲ್ಲೇ ಇದೆ. ಒಂದೇ ಊರಿನಲ್ಲಿ ಇವೆಲ್ಲ ಇರುವುದು ಎಲ್ಲ ಊರಿಗೂ ಸಿಗುವ ಭಾಗ್ಯವಲ್ಲ. ನೀವು ಒಂದೇ ಮೇಜಿಗೆ ಬರಬೇಕು ಎಂಬುದು ನನ್ನ ಬೇಡಿಕೆ. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವೈದ್ಯ ವಿದ್ಯಾರ್ಥಿಗಳೇ, ನಿಮಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನಾಗಿದ್ದ ಒಬ್ಬ ತರುಣನಿಂದ ಶುರು ಮಾಡೋಣ. ಆಂಡ್ರಿಯಾಸ್ ವೆಸಾಲಿಯಸ್ 1514ರ ಕೊನೆಯ ದಿನ ಬ್ರಸೆಲ್ಸ್‌ನಲ್ಲಿ ಹುಟ್ಟಿದವನು. 1537ರಲ್ಲಿ, ಇನ್ನೂ 23 ತುಂಬುವ ಮೊದಲೇ, ಇಟಲಿಯ ಪಡುವಾ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆ ಮತ್ತು ಅಂಗರಚನೆ ಕಲಿಸಲು ನೇಮಕವಾದ. ಅಲ್ಲಿಯವರೆಗಿನ ಪಾಠದ ಕ್ರಮವೇ ಬೇರೆ ಇತ್ತು. ಅಧ್ಯಾಪಕ ಎತ್ತರದ ಪೀಠದಲ್ಲಿ ಕುಳಿತು ಗ್ಯಾಲೆನ್ನನ ಗ್ರಂಥ ಓದುತ್ತಿದ್ದ, ಕೆಳಗೆ ಕ್ಷೌರಿಕನೊಬ್ಬ ದೇಹ ಕೊಯ್ಯುತ್ತಿದ್ದ, ಮತ್ತೊಬ್ಬ ಕೋಲು ಹಿಡಿದು ತೋರಿಸುತ್ತಿದ್ದ. ಎರಡನೇ ಶತಮಾನದ ಗ್ಯಾಲೆನ್ ದೊಡ್ಡ ವೈದ್ಯನೇ ಸರಿ. ಆದರೆ ಮನುಷ್ಯರ ಶವ ಛೇದಿಸುವ ಅವಕಾಶ ಅವನ ಕಾಲದಲ್ಲಿ ಇರಲಿಲ್ಲ, ಅವನು ಕೊಯ್ದು ನೋಡಿದ್ದು ಹೆಚ್ಚಾಗಿ ಮಂಗ, ಹಂದಿ, ದನಗಳ ದೇಹಗಳನ್ನು. ಹಾಗಾಗಿ ಎದೆಮೂಳೆಗೆ ಏಳು ಭಾಗ, ಕೆಳದವಡೆಗೆ ಎರಡು ಮೂಳೆ, ಪಿತ್ತಜನಕಾಂಗಕ್ಕೆ ಐದು ಹಾಲೆ ಎಂಬ ಮಾತು ಸಾವಿರದ ಮುನ್ನೂರು ವರ್ಷ ಹಾಗೇ ನಡೆದುಬಂತು. ಪೀಠದಲ್ಲಿ ಓದುತ್ತಿದ್ದವನ ಕಣ್ಣು ಪುಸ್ತಕದ ಮೇಲಿತ್ತು, ಕೊಯ್ಯುತ್ತಿದ್ದವನಿಗೆ ಪುಸ್ತಕದಲ್ಲಿ ಏನಿದೆ ಎಂಬುದು ತಿಳಿದಿರಲಿಲ್ಲ.

ವೆಸಾಲಿಯಸ್ ಪೀಠ ಬಿಟ್ಟು ಇಳಿದು ಬಂದ. ಕತ್ತಿಯನ್ನು ತಾನೇ ಹಿಡಿದ. ಕಂಡದ್ದನ್ನು ಚಿತ್ರಕಾರರಿಂದ ಬರೆಸಿದ. 1543ರಲ್ಲಿ, ಅವನ 28ನೇ ವಯಸ್ಸಿನಲ್ಲಿ, ಮನುಷ್ಯದೇಹದ ರಚನೆಯನ್ನು ಕುರಿತ ಅವನ ಏಳು ಭಾಗಗಳ ‘ಫ್ಯಾಬ್ರಿಕಾ’ ಬಾಸೆಲ್ ನಗರದ ಯೊಹಾನೆಸ್ ಒಪೊರಿನಸ್‌ನ ಮುದ್ರಣಾಲಯದಿಂದ ಹೊರಬಂತು. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳು. ಪಿಯರ್ ಮರದ ಹಲಗೆಗಳಲ್ಲಿ ಕೊರೆದ ಅಚ್ಚುಗಳನ್ನು ವೆನಿಸ್‌ನಿಂದ ಆಲ್ಪ್ಸ್ ಪರ್ವತ ದಾಟಿಸಿ ಬಾಸೆಲ್ಲಿಗೆ ಸಾಗಿಸಿದ್ದರು. ಆ ಅಚ್ಚುಗಳು ಸುಮಾರು ನಾನೂರು ವರ್ಷ ಉಳಿದಿದ್ದವು. 1934ರಲ್ಲಿ ಮ್ಯೂನಿಕ್‌ನಲ್ಲಿ ಅವುಗಳಿಂದಲೇ ಮತ್ತೊಮ್ಮೆ ಚಿತ್ರಗಳನ್ನು ಮುದ್ರಿಸಿದರು. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಅವು ಸುಟ್ಟುಹೋದವು.

ಚಿತ್ರಕಲಾ ವಿದ್ಯಾರ್ಥಿಗಳೇ, ಆ ಪುಸ್ತಕದ ಸ್ನಾಯುಚಿತ್ರಗಳನ್ನು ಒಮ್ಮೆ ಸಾವಧಾನವಾಗಿ ನೋಡಿ. ಚರ್ಮ ತೆಗೆದ ಮನುಷ್ಯನೊಬ್ಬ ಬೆಟ್ಟ, ಹೊಳೆ, ಸೇತುವೆಗಳ ಮುಂದೆ ನಿಂತಿದ್ದಾನೆ. ಮುಂದಿನ ಚಿತ್ರದಲ್ಲಿ ಮೇಲಿನ ಪದರದ ಸ್ನಾಯುಗಳಿಲ್ಲ, ಅದರ ಮುಂದಿನದರಲ್ಲಿ ಇನ್ನೊಂದು ಪದರವಿಲ್ಲ. ಪದರ ಕಳಚಿದಂತೆಲ್ಲ ದೇಹ ಕುಸಿಯುತ್ತ ಹೋಗುತ್ತದೆ. ಒಂದು ಚಿತ್ರದಲ್ಲಿ ಅದನ್ನು ಹಗ್ಗಕ್ಕೆ ತೂಗುಹಾಕಿ ನಿಲ್ಲಿಸಿದ್ದಾರೆ. ಛೇದನದ ಮೇಜಿನ ಮೇಲೆ ಕೆಲಸ ಯಾವ ಕ್ರಮದಲ್ಲಿ ನಡೆಯಿತೋ ಅದೇ ಕ್ರಮದಲ್ಲಿ ಪುಟಗಳು ತೆರೆದುಕೊಳ್ಳುತ್ತವೆ. ಒಂದೊಂದು ಸ್ನಾಯುವಿನ ಮೇಲೂ ಪುಟ್ಟ ಅಕ್ಷರವಿದೆ, ಪಕ್ಕದ ಪುಟದಲ್ಲಿ ಆ ಅಕ್ಷರಕ್ಕೆ ವಿವರಣೆಯಿದೆ. ಮರದಚ್ಚನ್ನು ಅಕ್ಷರದ ಮೊಳೆಗಳ ಜೊತೆಗೇ ಒಂದೇ ಪ್ರೆಸ್ಸಿನಲ್ಲಿ ಒತ್ತಬಹುದಿತ್ತು, ಹಾಗಾಗಿ ಚಿತ್ರವೂ ಮಾತೂ ಕೂಡಿ ಬಂದವು. ಮುಂದೆ ತಾಮ್ರದ ತಗಡಿನ ಕೆತ್ತನೆ ಬಂದಾಗ ಗೆರೆ ಇನ್ನೂ ನವಿರಾಯಿತು. ಆದರೆ ಅದಕ್ಕೆ ಬೇರೆಯದೇ ಪ್ರೆಸ್ ಬೇಕಾಗಿತ್ತು, ಖರ್ಚೂ ಏರಿತು.

ಚಿತ್ರ ಬರೆದರೆ ಸಾಲದು, ಅದು ಇನ್ನೊಬ್ಬರ ಕಣ್ಣಿಗೂ ಬೀಳಬೇಕು. ವೆಸಾಲಿಯಸ್‌ಗಿಂತ ಮೂವತ್ತು ವರ್ಷ ಮೊದಲೇ ಲಿಯೊನಾರ್ಡೊ ಡ ವಿಂಚಿ ಅಂಗರಚನೆಯ ಅಪೂರ್ವ ಚಿತ್ರಗಳನ್ನು ಬರೆದಿದ್ದ. ಪಾವಿಯಾದ ಅಧ್ಯಾಪಕ ಮಾರ್ಕಾಂತೋನಿಯೊ ದೆಲ್ಲ ತೊರ್ರೆ ಅವನಿಗೆ ಜೊತೆಯಾಗಿದ್ದ. 1511ರಲ್ಲಿ ಆ ಅಧ್ಯಾಪಕ ಪ್ಲೇಗಿಗೆ ಬಲಿಯಾದ, ಪುಸ್ತಕ ಆಗಲೇ ಇಲ್ಲ. ಹೃದಯದ ಕವಾಟ ಮುಚ್ಚಿಕೊಳ್ಳುವುದಕ್ಕೆ ರಕ್ತದ ಸುಳಿಗಳು ನೆರವಾಗುತ್ತವೆ ಎಂದು ಕಂಡುಕೊಂಡಿದ್ದವನ ಹಾಳೆಗಳು ಪೆಟ್ಟಿಗೆಗಳಲ್ಲಿ ಉಳಿದು, 19ನೇ ಶತಮಾನದ ಕೊನೆಯ ಹೊತ್ತಿಗಷ್ಟೇ ಅಚ್ಚಾಗಿ ಓದುಗರಿಗೆ ಸಿಕ್ಕವು. ಅಷ್ಟರಲ್ಲಿ ಅವನು ಕಂಡಿದ್ದನ್ನು ಬೇರೆಯವರು ಮೊದಲಿನಿಂದ ಮತ್ತೆ ಕಾಣಬೇಕಾಯಿತು.

ಚಿತ್ರಕ್ಕೆ ಇನ್ನೊಂದು ಅಪಾಯವೂ ಇದೆ. ಕಣ್ಣಿನ ಬದಲು ನಂಬಿಕೆಯನ್ನು ಹಿಡಿದು ಬರೆದ ಚಿತ್ರ ತಪ್ಪನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಇದೇ ವೆಸಾಲಿಯಸ್ 1538ರಲ್ಲಿ ಪ್ರಕಟಿಸಿದ ಆರು ದೊಡ್ಡ ಹಾಳೆಗಳಲ್ಲಿ ಗ್ಯಾಲೆನ್ ಹೇಳಿದ ಐದು ಹಾಲೆಯ ಪಿತ್ತಜನಕಾಂಗವೇ ಇದೆ. ದನದಲ್ಲಿ ಇರುವ, ಮನುಷ್ಯನಲ್ಲಿ ಇಲ್ಲದ ರಕ್ತನಾಳದ ಬಲೆಯೊಂದು ಮಿದುಳಿನ ಬುಡದಲ್ಲಿದೆ. ಐದು ವರ್ಷಗಳ ಛೇದನದ ನಂತರ ಅವನೇ ಅವನ್ನು ತಿದ್ದಿದ. ಹಾಗೆ ತಿದ್ದಿದ ‘ಫ್ಯಾಬ್ರಿಕಾ’ದಲ್ಲೂ ಮೂತ್ರಪಿಂಡದ ಚಿತ್ರ ನಾಯಿಯದ್ದು.

ಕೇಳಿ ಬರೆದದ್ದಕ್ಕೂ ನೋಡಿ ಬರೆದದ್ದಕ್ಕೂ ಇರುವ ದೂರವನ್ನು ನಮ್ಮ ದೇಶದ್ದೇ ಒಂದು ಪ್ರಾಣಿ ಯುರೋಪಿಗೆ ತೋರಿಸಿಕೊಟ್ಟಿತು. ಗುಜರಾತಿನ ಸುಲ್ತಾನ ಗೋವೆಯ ಪೋರ್ಚುಗೀಸರಿಗೆ ಕೊಟ್ಟ ಒಂದು ಖಡ್ಗಮೃಗ 1515ರಲ್ಲಿ ಲಿಸ್ಬನ್ ತಲುಪಿತು. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಅದನ್ನು ಕಣ್ಣಾರೆ ನೋಡಲೇ ಇಲ್ಲ. ಯಾರೋ ಕಳಿಸಿದ ವರ್ಣನೆ, ರೇಖಾಚಿತ್ರಗಳನ್ನು ಇಟ್ಟುಕೊಂಡು ಮರದಚ್ಚು ಮಾಡಿದ. ಮೈಮೇಲೆ ಕವಚದ ತಗಡುಗಳು, ಬೆನ್ನ ಮೇಲೆ ಇನ್ನೊಂದು ಪುಟ್ಟ ಕೊಂಬು. ಎರಡು ಶತಮಾನಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ಆ ಕೊಂಬು ನಕಲಾಗುತ್ತ ಹೋಯಿತು. 1741ರಲ್ಲಿ ಬಂಗಾಳದಲ್ಲಿ ಸಾಕಿದ್ದ ಕ್ಲಾರಾ ಎಂಬ ಖಡ್ಗಮೃಗವನ್ನು ಹಾಲೆಂಡಿಗೆ ಒಯ್ದರು. ಆ ಹೊತ್ತಿಗೆ ಲೈಡನ್ ನಗರದಲ್ಲಿ ಬರ್ನ್‌ಹಾರ್ಡ್ ಆಲ್ಬಿನಸ್ ಎಂಬ ಅಂಗರಚನಾ ಪಂಡಿತನೂ ಯಾನ್ ವಾಂಡೆಲಾರ್ ಎಂಬ ಚಿತ್ರಕಾರನೂ ವರ್ಷಗಟ್ಟಲೆ ಜೊತೆಯಾಗಿ ಕೆಲಸ ಮಾಡುತ್ತಿದ್ದರು. ಅಸ್ಥಿಪಂಜರಕ್ಕೂ ಚಿತ್ರಕಾರನಿಗೂ ನಡುವೆ ದಾರದ ಚೌಕಳಿಗಳನ್ನು ತೂಗುಬಿಟ್ಟು, ಒಂದೊಂದು ಚೌಕದಲ್ಲಿ ಕಂಡ ಗೆರೆಯನ್ನು ಹಾಳೆಯ ಅದೇ ಚೌಕಕ್ಕೆ ಇಳಿಸುವುದು ಅವರ ಕ್ರಮ. ವಾಂಡೆಲಾರ್ ಕ್ಲಾರಾಳನ್ನು ಎದುರಿಗೇ ನೋಡಿ ಬರೆದ. 1747ರಲ್ಲಿ ಬಂದ ಆಲ್ಬಿನಸ್‌ನ ಮಹಾಗ್ರಂಥದಲ್ಲಿ ಮನುಷ್ಯದೇಹದ ಹಿಂದೆ ನಿಂತು ಮೇಯುವ ಖಡ್ಗಮೃಗ ಅದೇ. ಬೆನ್ನ ಮೇಲಿನ ಕೊಂಬು ಅದರಲ್ಲಿಲ್ಲ.

ವೈದ್ಯ ವಿದ್ಯಾರ್ಥಿಗಳೇ, ಈಗ ನಿಮ್ಮ ರೆಕಾರ್ಡ್ ಬುಕ್ಕಿನ ಮಾತಿಗೆ ಬರುತ್ತೇನೆ. ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ, ನರಕ್ಕೆ ಹಳದಿ. ಚೌರಾಸಿಯಾ ಬರೆದ ಅಂಗರಚನೆಯ ಪಠ್ಯಪುಸ್ತಕದ ಚಿತ್ರ ನಿಮ್ಮ ಹಿರಿಯರ ರೆಕಾರ್ಡಿಗೆ, ಅದು ನಿಮ್ಮ ರೆಕಾರ್ಡಿಗೆ, ನಿಮ್ಮದು ಮುಂದಿನ ವರ್ಷದವರಿಗೆ. ಪರೀಕ್ಷೆಗೆ ಅದು ಬೇಕು, ಬೇಡವೆನ್ನುವುದಿಲ್ಲ. ಆದರೆ ಅದು ಎಲ್ಲರ ಸರಾಸರಿಯ ದೇಹ. ಆಲ್ಬಿನಸ್ ಕೂಡ ಬೇಕೆಂದೇ ಅಂಥ ಕುಂದಿಲ್ಲದ ಒಂದು ದೇಹವನ್ನು ಆರಿಸಿಕೊಂಡು, ಇನ್ನಷ್ಟು ಒಪ್ಪಮಾಡಿ ಬರೆಸಿದ್ದ. ನಾಳೆ ನಿಮ್ಮ ಮುಂದೆ ಬರುವ ರೋಗಿ ಹಾಗಿರುವುದಿಲ್ಲ. ನಿಮ್ಮ ಹೆಬ್ಬೆರಳನ್ನೂ ಕಿರುಬೆರಳನ್ನೂ ಕೂಡಿಸಿ ಮಣಿಕಟ್ಟನ್ನು ಸ್ವಲ್ಪ ಬಾಗಿಸಿ ನೋಡಿ. ನಡುವೆ ಒಂದು ಸ್ನಾಯುರಜ್ಜು ಎದ್ದು ಕಾಣುತ್ತದೆ. ನಿಮ್ಮ ಬ್ಯಾಚಿನಲ್ಲೇ ಕೆಲವರಿಗೆ ಅದು ಕಾಣುವುದಿಲ್ಲ, ಹುಟ್ಟಿನಿಂದಲೇ ಅವರಿಗೆ ಆ ಸ್ನಾಯು ಇಲ್ಲ. ಮೂತ್ರಪಿಂಡಕ್ಕೆ ಒಂದೇ ಅಪಧಮನಿ ಎಂದು ಪುಸ್ತಕ ಬರೆದಿರುತ್ತದೆ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇನ್ನೊಂದು ಹೆಚ್ಚಿಗೆ ಇರುತ್ತದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡುವವರು ಅಲ್ಲಿಯ ಪುಟ್ಟ ಅಪಧಮನಿಯ ದಾರಿಯನ್ನು ಪ್ರತಿ ರೋಗಿಯಲ್ಲೂ ಹೊಸದಾಗಿ ಹುಡುಕುವುದು ಇದಕ್ಕೇ, ತಪ್ಪಿದರೆ ರಕ್ತ ಚಿಮ್ಮುತ್ತದೆ. ಎದುರಿನ ದೇಹವನ್ನು ನೋಡಿ ಪೆನ್ಸಿಲ್ ಆಡಿಸಿದಾಗ ಕಣ್ಣು ಈ ವ್ಯತ್ಯಾಸಗಳ ಮೇಲೆ ನಿಲ್ಲುತ್ತದೆ. ಬರೆಯುವವನು ಪ್ರತಿ ಗೆರೆಗೂ ಒಂದು ತೀರ್ಮಾನ ಮಾಡಬೇಕು: ಈ ನರ ಆ ಅಪಧಮನಿಯ ಮುಂದೆ ಹೋಗುತ್ತದೋ, ಹಿಂದೆಯೋ? ಫೋಟೊ ತೆಗೆಯುವವನಿಗೆ ಆ ಪ್ರಶ್ನೆಯೇ ಎದುರಾಗುವುದಿಲ್ಲ.

ಇದೆಲ್ಲ ಯುರೋಪಿನವರ ಕಥೆ, ನಮಗೇನು ಎನ್ನಬೇಡಿ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಸಿ, ಲಾವಂಚ, ಬಿದಿರಿನ ಕುಂಚದಿಂದ ಪದರಪದರವಾಗಿ ಉಜ್ಜಿ ನೋಡುವ ವಿಧಾನ ಹೇಳಿದೆ. ಶಾಸ್ತ್ರ ಓದಿದವನು ಕಣ್ಣಾರೆ ಕಾಣಲೂ ಬೇಕು ಎಂಬುದು ಅದರ ಆಗ್ರಹ. ಆದರೆ ಆ ನೋಟದ ಜೊತೆಗೆ ಹುಟ್ಟಿದ ಚಿತ್ರ ನಮಗೆ ದಕ್ಕಿಲ್ಲ. ಇತ್ತ ನಮ್ಮ ಶಿಲ್ಪಿಗಳು ದೇಹವನ್ನು ಬೇರೊಂದು ಬಗೆಯಲ್ಲಿ ಬಲ್ಲವರಾಗಿದ್ದರು. ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ನಮ್ಮ ಹರಿಹರೇಶ್ವರ ಗುಡಿಯ ಮೂರ್ತಿಯನ್ನು ನೋಡಿ. ಬಲಕ್ಕೆ ಶಿವ, ಎಡಕ್ಕೆ ವಿಷ್ಣು, ಒಂದೇ ಮೈ. ಮುಖದ ಉದ್ದವನ್ನೇ ಅಳತೆಯಾಗಿ ಹಿಡಿಯುವ ತಾಳಮಾನದ ಲೆಕ್ಕ ನಮ್ಮ ಶಿಲ್ಪಿಗಳದು. ಸ್ನಾಯು ಉಬ್ಬಿಸಿ ತೋರಿಸುವುದು ಅವರಿಗೆ ಬೇಕಾಗಿರಲಿಲ್ಲ. ವೈದ್ಯ ಕಂಡದ್ದು ಒಂದು ಕಡೆ, ರೂಪ ಬಲ್ಲ ಕೈ ಇನ್ನೊಂದು ಕಡೆ ಉಳಿದವು.

ಅವು ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ತಂಜಾವೂರಿನ ದೊರೆ ಎರಡನೇ ಸರ್ಫೋಜಿ ಸಾಕ್ಷಿ. 19ನೇ ಶತಮಾನದ ಆರಂಭದಲ್ಲಿ ಅವನ ಆಸ್ಥಾನದಲ್ಲಿ ಕಣ್ಣಿನ ರೋಗಿಗಳ ವಿವರ ಬರೆದಿಟ್ಟಾಗ, ರೋಗಿಯ ಕಣ್ಣಿನ ಬಣ್ಣದ ಚಿತ್ರವನ್ನೂ ಬರೆಸಿ ಜೊತೆಗಿಟ್ಟರು. ಸರಸ್ವತಿ ಮಹಲ್ ಗ್ರಂಥಾಲಯದಲ್ಲಿ ಆ ಹಾಳೆಗಳಿವೆ. ತಂಜಾವೂರಿನ ಚಿತ್ರಕಾರರ ಕುಂಚಕ್ಕೆ ವೈದ್ಯನ ಕಣ್ಣು ಒದಗಿತ್ತು.

ಇನ್ನೊಬ್ಬನನ್ನು ನೆನೆಯಲೇಬೇಕು. ವೈದ್ಯಲೋಕವೆಲ್ಲ ಬಲ್ಲ ‘ಗ್ರೇಸ್ ಅನಾಟಮಿ’ 1858ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಬರೆದವನು ಹೆನ್ರಿ ಗ್ರೇ, ಅದರ 363 ಚಿತ್ರಗಳನ್ನು ತೆಗೆದವನು ಹೆನ್ರಿ ವ್ಯಾಂಡೈಕ್ ಕಾರ್ಟರ್. ಅವನೂ ವೈದ್ಯನೇ, ಛೇದನದಲ್ಲೂ ಪಾಲುಗಾರ. ಅಂಗದ ಹೆಸರನ್ನು ಪಕ್ಕದಲ್ಲಿ ಬರೆಯದೆ ಅಂಗದ ಮೇಲೆಯೇ ಬರೆದದ್ದು ಅವನ ಜಾಣ್ಮೆ. ಅವನಿಗೆ ಸಿಕ್ಕಿದ್ದು ಒಂದು ಬಾರಿಗೆ 150 ಪೌಂಡ್, ರಾಯಲ್ಟಿ ಇಲ್ಲ. ಶೀರ್ಷಿಕೆ ಪುಟದಲ್ಲಿ ಅವನ ಹೆಸರಿನ ಅಕ್ಷರವನ್ನು ಗ್ರೇ ಚಿಕ್ಕದು ಮಾಡಿಸಿದ. ಪುಸ್ತಕ ಬಂದ ವರ್ಷವೇ ಕಾರ್ಟರ್ ಬೊಂಬಾಯಿಗೆ ಬಂದು ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಕಲಿಸಿದ, ಕುಷ್ಠ ಮತ್ತು ಬರಿಗಾಲ ರೈತರನ್ನು ಕಾಡುವ ಶಿಲೀಂಧ್ರದ ಕಾಲುಬಾವನ್ನು ಕುರಿತು ದುಡಿದ, 1888ರಲ್ಲಿ ಹಿಂದಿರುಗಿದ. ಹರಿಹರ ಅಂದು ಮೈಸೂರು ಸೀಮೆಯ ಅಂಚು. ತುಂಗಭದ್ರೆಯ ಆಚೆ ದಂಡೆಯ ರಾಣೆಬೆನ್ನೂರು, ಧಾರವಾಡಗಳೆಲ್ಲ ಬೊಂಬಾಯಿ ಪ್ರಾಂತಕ್ಕೆ ಸೇರಿದ್ದವು. ಅನಾಟಮಿ ಪುಸ್ತಕದ ಚಿತ್ರಕಾರ ಮೂವತ್ತು ವರ್ಷ ದುಡಿದದ್ದು ಆ ಪ್ರಾಂತದ ಸೇವೆಯಲ್ಲೇ. ನಮ್ಮ ಭಾಗದ ಎಷ್ಟು ವೈದ್ಯರಿಗೆ ಇವನ ಹೆಸರು ಗೊತ್ತು? ‘ಫ್ಯಾಬ್ರಿಕಾ’ದ ಚಿತ್ರಕಾರರ ಹೆಸರಂತೂ ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ಚಿತ್ರಕಾರ ಟಿಷನ್ನನ ಶಿಷ್ಯ ಕಾಲ್ಕಾರ್ ಇರಬಹುದೇ ಎಂದು ಪಂಡಿತರು ಇಂದಿಗೂ ಚರ್ಚಿಸುತ್ತಿದ್ದಾರೆ.

ಚಿತ್ರಕಾರನ ಹೆಸರಾದರೂ ಹುಡುಕಿದರೆ ಸಿಗಬಹುದು. ಮೇಜಿನ ಮೇಲೆ ಮಲಗಿದ್ದವರ ಹೆಸರು? ಪಡುವಾದ ನ್ಯಾಯಾಧೀಶನೊಬ್ಬ ಗಲ್ಲಿಗೇರಿದವರ ಶವಗಳನ್ನು ವೆಸಾಲಿಯಸ್‌ಗೆ ಕೊಡಿಸುತ್ತಿದ್ದ. ಗಲ್ಲುಗಂಬದಿಂದ ಅಸ್ಥಿಪಂಜರ ಕದ್ದು ತಂದದ್ದನ್ನು ವೆಸಾಲಿಯಸ್ ತಾನೇ ಬರೆದುಕೊಂಡಿದ್ದಾನೆ. ಇಂಗ್ಲೆಂಡಿನಲ್ಲಿ 1752ರ ಕಾನೂನು ಕೊಲೆಗಾರರ ದೇಹವನ್ನು ಛೇದನಕ್ಕೆ ಒಪ್ಪಿಸಿ ಅದನ್ನು ಶಿಕ್ಷೆಯ ಭಾಗವಾಗಿಸಿತು. 1828ರಲ್ಲಿ ಎಡಿನ್‌ಬರೋದಲ್ಲಿ ಶವ ಮಾರುವ ಆಸೆಗೆ ಇಬ್ಬರು ಸೇರಿ 16 ಜನರನ್ನು ಕೊಂದರು. 1832ರ ಕಾನೂನು ಕೊಲೆಗಾರರ ಜಾಗದಲ್ಲಿ ಅನಾಥ ಬಡವರನ್ನು ತಂದಿತು. ನಮ್ಮ ರಾಜ್ಯದ 1957ರ ಅಂಗರಚನಾ ಕಾಯಿದೆಯೂ ವಾರಸುದಾರರಿಲ್ಲದ ಶವಗಳನ್ನು ಕಾಲೇಜುಗಳಿಗೆ ಕೊಡಲು ದಾರಿ ಮಾಡಿತು. 20ನೇ ಶತಮಾನದಲ್ಲೂ ವಿಯೆನ್ನಾದಲ್ಲಿ ಅಂಗರಚನಾ ಪಂಡಿತ ಪೆರ್ನ್‌ಕಾಫ್ ಹೊರತಂದ, ಚಿತ್ರಗಳ ಅಂದಕ್ಕೆ ಹೆಸರಾದ ಅಟ್ಲಾಸಿನ ಹಿಂದೆ ನಾಜಿಗಳು ಕೊಂದವರ ದೇಹಗಳಿದ್ದವು. ಅಲ್ಲಿಯ ವಿಶ್ವವಿದ್ಯಾಲಯವೇ ತನಿಖೆ ನಡೆಸಿ 1998ರಲ್ಲಿ ಅದನ್ನು ಒಪ್ಪಿಕೊಂಡಿತು. ಗರ್ಭದ, ಮಿದುಳಿನ, ಹೃದಯದ ಅಂದವಾದ ಹಳೆಯ ಚಿತ್ರಗಳ ಕೆಳಗೆ, ಯಾರೂ ಒಪ್ಪಿಗೆ ಕೇಳದ ಸಾವಿರಾರು ಜನರಿದ್ದಾರೆ. ಅವರ ಋಣದ ಮೇಲೆ ನಿಮ್ಮ ವಿದ್ಯೆ ನಿಂತಿದೆ.

ಇಂದು ನಿಮ್ಮ ಛೇದನದ ಕೊಠಡಿಗೆ ಬರುವ ದೇಹಗಳಲ್ಲಿ ಕೆಲವು ತಾವಾಗಿ ಬಂದವು. ಬೆಳಗಾವಿಯ ವೈದ್ಯ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ತಂದೆಯ ಇಚ್ಛೆಯಂತೆ ತಂದೆಯ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದರು. ನಮ್ಮ ಭಾಗದಲ್ಲಿ ಮಣ್ಣು ಮಾಡಿ, ಗದ್ದುಗೆ ಕಟ್ಟಿ, ವರ್ಷವರ್ಷ ಎಡೆ ಇಡುವ ಮನೆಗಳೇ ಹೆಚ್ಚು. ದೇಹ ಕೊಟ್ಟ ಮನೆಯವರು ಅದೆಲ್ಲವನ್ನೂ ಬಿಟ್ಟುಕೊಟ್ಟು ನಿಮಗೆ ಕೊಟ್ಟಿರುತ್ತಾರೆ. ಮೊದಲ ದಿನ ದೇಹವನ್ನು ಮೊದಲ ಗುರು ಎಂದು ನಮಿಸಿ ಪ್ರತಿಜ್ಞೆ ತೆಗೆದುಕೊಳ್ಳುತ್ತೀರಿ, ಒಳ್ಳೆಯದೇ. ಗುರುವಿಗೆ ಸಲ್ಲುವ ಗೌರವ ಗಮನವಿಟ್ಟು ನೋಡುವುದರಲ್ಲಿದೆ.

ಆದ್ದರಿಂದ ನಿಮ್ಮನ್ನು ಬೇಡುವುದು ಇಷ್ಟು.

ವೈದ್ಯ ವಿದ್ಯಾರ್ಥಿಗಳೇ, ಛೇದನದ ದಿನ ಹತ್ತು ನಿಮಿಷ ಪೆನ್ಸಿಲ್‌ಗೆ ಕೊಡಿ. ರೆಕಾರ್ಡಿನಲ್ಲಿ ಪುಸ್ತಕದ ಚಿತ್ರದ ಪಕ್ಕ ಒಂದು ಪುಟ ಬಿಟ್ಟು, ನಿಮ್ಮ ಮೇಜಿನ ದೇಹದಲ್ಲಿ ಕಂಡದ್ದನ್ನು ಕಂಡಂತೆ ಬರೆಯಿರಿ. ಅಂದವಾಗಿ ಬರಬೇಕಾಗಿಲ್ಲ. ಪುಸ್ತಕಕ್ಕಿಂತ ಬೇರೆಯಾಗಿದ್ದರೆ ಹಾಗೆಂದು ಕೆಳಗೆ ಬರೆದು ಅಧ್ಯಾಪಕರಿಗೆ ತೋರಿಸಿ.

ಚಿತ್ರಕಲಾ ವಿದ್ಯಾರ್ಥಿಗಳೇ, ನಿಮ್ಮ ಪ್ರಾಂಶುಪಾಲರ ಮೂಲಕ ಅಂಗರಚನಾ ವಿಭಾಗಕ್ಕೆ ಅರ್ಜಿ ಕೊಡಿ. ಅನುಮತಿ ಸಿಕ್ಕಿದ ಮೇಲೆ ಮೊಬೈಲ್ ಹೊರಗಿಟ್ಟು ಹೋಗಿ. ಮುಖ ಬರೆಯಬೇಡಿ, ಗುರುತು ಸಿಗುವ ಯಾವುದನ್ನೂ ಬರೆಯಬೇಡಿ. ಮೊದಲು ಮೂಳೆಗಳಿಂದ ಶುರು ಮಾಡಿ. ವೈದ್ಯ ವಿದ್ಯಾರ್ಥಿ ಪಕ್ಕದಲ್ಲಿ ನಿಂತು ಯಾವ ಗೆರೆ ಮುಖ್ಯ ಎಂದು ಹೇಳಲಿ, ಆ ಗೆರೆ ಎದ್ದು ಕಾಣುವುದು ಹೇಗೆ ಎಂದು ನೀವು ತೋರಿಸಿ. ಚಿತ್ರದ ಕೆಳಗೆ ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಇರಲಿ.

ಈ ಎಲ್ಲ ಕಾಲೇಜುಗಳ ಅಧ್ಯಾಪಕರಲ್ಲೂ ಒಂದು ವಿನಂತಿ. ಈ ಚಿತ್ರಗಳಿಂದ ಕನ್ನಡದಲ್ಲಿ ಹೆಸರು ಬರೆದ ಒಂದು ಸಣ್ಣ ಅಟ್ಲಾಸ್ ಮಾಡಿಸಿ. ಅದು ನರ್ಸಿಂಗ್ ಓದುವ ಹಳ್ಳಿಯ ಹುಡುಗಿಗೆ ಬೇಕು, ಆಶಾ ಕಾರ್ಯಕರ್ತೆಗೆ ಬೇಕು. ಮೂತ್ರಪಿಂಡದಲ್ಲಿ ಕಲ್ಲು ಎಲ್ಲಿ ಸಿಕ್ಕಿದೆ, ಯಾಕೆ ಕೊಯ್ಯಬೇಕು ಎಂದು ಕೇಳುವ ಮಲೇಬೆನ್ನೂರಿನ, ಹೊನ್ನಾಳಿಯ ರೈತನಿಗೆ ಬೇಕು. ಅವನಿಗೆ ತನ್ನ ದೇಹದ ಒಳಗನ್ನು ತನ್ನ ಭಾಷೆಯಲ್ಲಿ, ಗೆರೆಯಲ್ಲಿ ತೋರಿಸುವ ವೈದ್ಯ ಸಿಕ್ಕರೆ ಚಿಕಿತ್ಸೆಯ ಅರ್ಧ ಭಯ ಹೋಗುತ್ತದೆ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವವನು ಯಾವುದಕ್ಕೆ ಒತ್ತುತ್ತಿದ್ದೇನೆಂದು ತಿಳಿದು ಒತ್ತುತ್ತಾನೆ.

ಇದಕ್ಕೆ ದೊಡ್ಡ ಹಣ ಬೇಡ, ಸರ್ಕಾರದ ಆದೇಶ ಬೇಡ. ಕಾಲೇಜುಗಳ ನಡುವಿನ ಒಂದು ಪತ್ರ ಸಾಕು. ಆ ಪತ್ರವನ್ನು ಈ ವರ್ಷವೇ ಬರೆಯಿರಿ.

ಇಂತಿ ನಿಮ್ಮ ಹಿತೈಷಿ,
ಒಬ್ಬ ನಿವೃತ್ತ ಚಿತ್ರಕಲಾ ಶಿಕ್ಷಕ
ಕೊಕ್ಕನೂರು, ದಾವಣಗೆರೆ ಜಿಲ್ಲೆ